ಸಾತವ್ವ ತೆಗೆದಿಟ್ಟ ಕಿವಿ ಮಷಿನ್

ಹೂವಿನ ಹಿಪ್ಪರಗಿಯಲ್ಲಿ ಬಸ್ಸಿಳಿದವರು ರೊಟ್ಟಿ ಕೇಂದ್ರ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಸಪ್ಪಳ ಹಿಡಿದು ನಡೆದರೆ ಸಾಕು. ಮೊದಲು ಹಿಟ್ಟಿನ ಗಿರಣಿ ಗುರುಗುಟ್ಟುವುದು ಕೇಳುತ್ತದೆ. ಅದಕ್ಕೆ ಹತ್ತಿಕೊಂಡೇ ಇರುವ ತಗಡಿನ ಶೆಡ್ಡಿನಲ್ಲಿ ಆರು ಮಂದಿ ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಿರುತ್ತಾರೆ. ಹನ್ನೆರಡು ಕೈಗಳ ಪಟಪಟ ಒಂದು ಕಡೆ, ಗ್ಯಾಸಿನ ಒಲೆಗಳ ಸುಯ್ಯೆನ್ನುವ ಸದ್ದು ಇನ್ನೊಂದು ಕಡೆ. ಅಲ್ಲಿ ಮಾತಾಡಬೇಕೆಂದರೆ ಕೂಗಬೇಕು. ಆ ಹೆಂಗಸರು ಮನೆಗೆ ಹೋದ ಮೇಲೂ ಹಾಗೇ ಕೂಗುತ್ತಾರೆ ಎಂಬುದು ಅವರ ಗಂಡಂದಿರ ದೂರು.

ಈ ಸಂಘದ ಅಧ್ಯಕ್ಷೆ ಸಾತವ್ವ. ಅವಳ ಸಂಘದ ಖಡಕ್ ರೊಟ್ಟಿ ಇಂಡಿ, ಸಿಂದಗಿ, ಮುದ್ದೇಬಿಹಾಳದ ತನಕ ಹೋಗುತ್ತದೆ. ಸಾತವ್ವ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಬ್ಯಾಂಕಿನ ಮ್ಯಾನೇಜರರು ಬಂದರೂ, "ಕೂಡ್ರಿ, ಮೊದಲ ನೀರು ಕುಡೀರಿ, ಆಮ್ಯಾಲ ಮಾತಾಡೋಣು" ಎಂದು ತನ್ನ ಕೈಲಿದ್ದ ರೊಟ್ಟಿ ಬಡಿದು ಮುಗಿಸಿಯೇ ಏಳುವ ಹೆಣ್ಣುಮಗಳು.

ಅಂಥ ಸಾತವ್ವ ದಿನಾ ಬೆಳಿಗ್ಗೆ ಎಂಟೂವರೆಗೆ ಒಂದು ಕಳ್ಳ ಕೆಲಸ ಮಾಡುತ್ತಿದ್ದಳು. ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಅತ್ತಿತ್ತ ನೋಡಿ, ಮಗುವಿನ ಎರಡೂ ಕಿವಿಯಿಂದ ಮಷಿನ್ ತೆಗೆಯುತ್ತಿದ್ದಳು. ಅದು ಕುಂಯ್ ಎಂದು ಶಿಳ್ಳೆ ಹೊಡೆಯಬಾರದೆಂದು ಬ್ಯಾಟರಿಯ ಬಾಗಿಲು ತೆರೆದು ಬಂದ್ ಮಾಡುತ್ತಿದ್ದಳು. ಆಮೇಲೆ ಅದನ್ನು ಕರ್ಚೀಫಿನಲ್ಲಿ ಸುತ್ತಿ ಖಾಲಿ ಚಹಾಪುಡಿ ಡಬ್ಬಿಯಲ್ಲಿ ಇಟ್ಟುಬಿಡುತ್ತಿದ್ದಳು.

ಮಗುವಿನ ಹೆಸರು ಪ್ರಿಯದರ್ಶಿನಿ. ವಯಸ್ಸು ಮೂರೂವರೆ. ಮನೆಯಲ್ಲಿ ಎಲ್ಲರಿಗೂ ಅವಳು ದರ್ಶು. ಅವಳಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ ಎಂದು ಮೊದಲು ಕಂಡುಹಿಡಿದವಳು ಊರಿನ ಆಶಾ ಕಾರ್ಯಕರ್ತೆ ರಾಜಬಿ. ಒಂದು ದಿನ ಮನೆಗೆ ಬಂದಾಗ ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆದಳು. ಮಗು ತಿರುಗಲಿಲ್ಲ. ಮತ್ತೆ ಕರೆದಳು. ಆಗಲೂ ತಿರುಗಲಿಲ್ಲ. "ದೊಡ್ಡ ಸಪ್ಪಳಕ್ಕ ತಿರುಗತಾಳಲ್ಲ" ಎಂದು ಮನೆಯವರು ವಾದಿಸಿದರು. ರಾಜಬಿ ಬಿಡಲಿಲ್ಲ, ಬೆನ್ನು ಹತ್ತಿ ವಿಜಯಪುರಕ್ಕೆ ಕಳಿಸಿ ತಪಾಸಣೆ ಮಾಡಿಸಿದಳು. ಮಗು ಪೂರ್ತಿ ಕಿವುಡಲ್ಲ, ಆದರೆ ಸಣ್ಣ ಸದ್ದು, ದೂರದ ಮಾತು ಅವಳಿಗೆ ಮುಟ್ಟುತ್ತಿಲ್ಲ ಎಂದು ತಿಳಿಯಿತು. ಎರಡೂ ಕಿವಿಗೆ ಮಷಿನ್ ಬಂತು.

ದರ್ಶುವಿನ ತಾಯಿ ರೇಣುಕಾ ಬಸವನ ಬಾಗೇವಾಡಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸಕ್ಕೆ ಹೋಗುತ್ತಾಳೆ. ಏಳಕ್ಕೆ ಮಗುವನ್ನು ಎಬ್ಬಿಸಿ, ಮುಖ ತೊಳೆಸಿ, ಮಷಿನ್ ಹಾಕಿ, ಅತ್ತೆಯ ಕೈಗೆ ಕೊಟ್ಟು ಎಂಟರ ಬಸ್ಸು ಹಿಡಿಯುತ್ತಾಳೆ. ಮರಳುವುದು ಸಂಜೆ ಆರಕ್ಕೆ. ಅಷ್ಟರೊಳಗೆ ಸಾತವ್ವ ಮಷಿನ್ ಮತ್ತೆ ಹಾಕಿಬಿಟ್ಟಿರುತ್ತಿದ್ದಳು.

ಸಾಲಿನಲ್ಲಿ ಪಕ್ಕಕ್ಕೇ ಕೂಡುವ ಸಗೀರಾ ಒಮ್ಮೆ ಕೇಳಿದ್ದಳು.

"ಸಾತಕ್ಕ, ಅದನ್ನ ಯಾಕ ತಗೀತೀರಿ?"

"ರೊಟ್ಟಿ ಬಡಿಯೋ ಸಪ್ಪಳಕ್ಕ ಕೂಸು ಬೆಚ್ಚಿ ಬೀಳತೈತಿ. ಮಷಿನ್ಯಾಗ ಆ ಸಪ್ಪಳ ಇನ್ನೂ ಜೋರ ಕೇಳತೈತಿ."

"ಡಾಕ್ಟರ್ ಹೇಳಿದ್ರೇನು ತಗೀರಿ ಅಂತ?"

"ಡಾಕ್ಟರ್ ಯಾಕ ಹೇಳಬೇಕು? ನನಗ ಕಣ್ಣಿಲ್ಲೇನು? ನಿನ್ನ ರೊಟ್ಟಿ ನೋಡ್ಕೊ, ಹರಿಯಾಕತ್ತೈತಿ."

ಸಾತವ್ವ ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಮೊದಲ ವಾರ ಮಗು ಬೆಚ್ಚಿದ್ದು ನಿಜ. ಆರೂ ಮಂದಿ ಒಮ್ಮೆಗೇ ಬಡಿಯಲು ಶುರು ಮಾಡಿದಾಗ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಅತ್ತಿತ್ತು. ಅದನ್ನು ಡಾಕ್ಟರಿಗೆ ಹೇಳಬಹುದಿತ್ತು, ರಾಜಬಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. ಉಳಿದ ಅರ್ಧ ಸತ್ಯ ಬೇರೆಯೇ ಇತ್ತು. ಅದೇ ವಾರ ರೊಟ್ಟಿ ಒಯ್ಯಲು ಬಂದ ಹೆಂಗಸೊಬ್ಬಳು ಮಗುವಿನ ಕಿವಿ ನೋಡಿ, "ಅಯ್ಯ, ಕಿವಿ ಕೇಳಂಗಿಲ್ಲೇನ್ರಿ? ನಿಮ್ಮ ಮನಿತನದಾಗ ಮೊದಲ ಯಾರಿಗರೆ ಹಿಂಗಿತ್ತೇನು?" ಎಂದು ಎಲ್ಲರ ಮುಂದೆ ಕೇಳಿದ್ದಳು. ಸಾತವ್ವನ ಮುಖ ಸಣ್ಣದಾಯಿತು. ಬ್ಯಾಂಕಿನವರ ಮುಂದೆ ಆಡುವ ಬಾಯಿ ಆವತ್ತು ಕಟ್ಟಿಹೋಯಿತು. ಮರುದಿನದಿಂದ ಮಷಿನ್ ಡಬ್ಬಿ ಸೇರಿತು.

ಮಷಿನ್ ಬಂದು ಎಂಟು ತಿಂಗಳಾದ ಮೇಲೆ ವಿಜಯಪುರಕ್ಕೆ ಮರುತಪಾಸಣೆಗೆ ಹೋಗುವ ದಿನ ಬಂತು. ರೇಣುಕಾ ಕೆಲಸಕ್ಕೆ ರಜೆ ಹಾಕಿದಳು. ಅವಳ ಗಂಡ ಕಾಂತು ತನ್ನ ಟೆಂಪೊಗೆ ಆ ದಿನ ಬಾಡಿಗೆ ಹಿಡಿಯಲಿಲ್ಲ. ಸಾತವ್ವನೂ ಹೊರಟಳು. ಬರುವುದಿಲ್ಲ ಎಂದರೆ ಅನುಮಾನ ಬಂದೀತು ಎಂಬ ಅಂಜಿಕೆ ಅವಳಿಗೆ.

ಕಿವಿ ತಪಾಸಣೆ ಮಾಡುವ ಸಂಪದಾ ವಯಸ್ಸಿನಲ್ಲಿ ಸಣ್ಣವಳು, ಮಾತು ಮೃದು. ಮಗುವಿಗೆ ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸಿದಳು. ದರ್ಶು ಸೂಜಿಗೆ 'ಊಜಿ' ಎಂದಳು, ಶಾಲೆಯ ಚಿತ್ರಕ್ಕೆ ಸಾಲಿ ಅನ್ನಲು ಹೋಗಿ 'ಆಲಿ' ಎಂದಳು. ಬಹಳಷ್ಟು ಚಿತ್ರಗಳಿಗೆ ಏನೂ ಅನ್ನದೆ ಬೆರಳು ತೋರಿಸಿ ಸುಮ್ಮನಾದಳು. ಸಂಪದಾ ಮಷಿನ್ನನ್ನು ಕಂಪ್ಯೂಟರಿಗೆ ಜೋಡಿಸಿದಳು.

"ದಿನಾ ಎಷ್ಟೊತ್ತು ಹಾಕ್ತೀರಿ?"

"ಇಡೀ ದಿನ ಹಾಕ್ತೇನ್ರಿ," ಎಂದಳು ರೇಣುಕಾ. "ಮುಂಜಾನೆ ಏಳಕ್ಕ ಹಾಕಿದ್ರ ಮಲಗೂ ಮುಂದನ ತಗಿಯೂದು."

ಸಂಪದಾ ಪರದೆಯ ಮೇಲಿನ ಅಂಕಿಗಳನ್ನು ನೋಡಿದಳು. ಆಮೇಲೆ ಪರದೆಯನ್ನು ಅವರ ಕಡೆ ತಿರುಗಿಸಿದಳು.

"ಮಷಿನ್ ಎಷ್ಟು ತಾಸು ಚಾಲೂ ಇತ್ತು ಅನ್ನೋದು ಅದರೊಳಗ ಉಳಿದಿರತೈತ್ರಿ. ಇದು ದಿನಕ್ಕ ಸರಾಸರಿ ಐದು ತಾಸು ಅಂತ ತೋರಸಾಕತ್ತೈತಿ."

ಸಾತವ್ವನಿಗೆ ಕೂತ ಕುರ್ಚಿ ಕಾದ ಹಂಚಾದಂತಾಯಿತು. ಆ ಚಿಕ್ಕ ಮಷಿನ್ನು ಇಷ್ಟು ದಿನ ಡಬ್ಬಿಯಲ್ಲಿ ಕೂತು ತನ್ನ ಮೇಲೆ ಚಾಡಿ ಹೇಳಲು ಕಾಯುತ್ತಿತ್ತೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಕಾಂತು ಹೆಂಡತಿಯ ಕಡೆ ತಿರುಗಿದ. "ಐದು ತಾಸು? ನೀ ಏನ್ ಮಾಡಾಕತ್ತಿದ್ದಿ ಎಂಟು ತಿಂಗಳು? ಹೊಲಿಗಿ ಮಷಿನ್ ಮ್ಯಾಲಿರೋ ಲಕ್ಷ್ಯ ಮಗಳ ಮಷಿನ್ ಮ್ಯಾಲಿಲ್ಲೇನು ನಿನಗ?"

ಹೊರಗಿನವರ ಮುಂದೆ ಗಂಡ ಬೈದ. ರೇಣುಕಾ ತಲೆ ತಗ್ಗಿಸಿದಳು. ಅವಳ ಕಣ್ಣಿನಿಂದ ನೀರು ಇಳಿಯಿತು, ಸೆರಗಿನಿಂದ ಒರೆಸಿಕೊಳ್ಳಲೂ ಇಲ್ಲ. ಸಾತವ್ವ ಬಾಯಿ ತೆರೆದಳು. ನಾನು ತೆಗೆದದ್ದು ಎಂಬ ಮಾತು ನಾಲಿಗೆಯ ತುದಿಯ ತನಕ ಬಂತು. ಬಂದದ್ದನ್ನು ನುಂಗಿಕೊಂಡಳು.

"ಬೈರಿ ಅಂತ ಹೇಳಿದ್ದಲ್ರಿ ನಾನು," ಎಂದಳು ಸಂಪದಾ. "ಮಗು ಹಗಲೊತ್ತು ಎಲ್ಲಿರತೈತಿ?"

"ನಮ್ಮವ್ವನ ಕಡೆ, ರೊಟ್ಟಿ ಕೇಂದ್ರದಾಗ. ಪಕ್ಕದಾಗ ಗಿರಣಿ ಐತ್ರಿ," ಎಂದ ಕಾಂತು.

"ಅಲ್ಲಿ ಮಗು ತಾನ ತಗೀತೈತೇನ್ರಿ ಆಯಿ?"

ಎಲ್ಲರೂ ಸಾತವ್ವನನ್ನು ನೋಡಿದರು. ಸತ್ಯ ಹೇಳಲು ಅದು ಎರಡನೆಯ ಅವಕಾಶ.

"ಹೌದ್ರಿ," ಎಂದಳು ಸಾತವ್ವ. "ಆಕೀನ ತಗೀತಾಳ. ಸಪ್ಪಳಾ ಆತಂದ್ರ ಕಿತ್ತು ಒಗೀತಾಳ."

ತಪ್ಪು ಮೊದಲು ಸೊಸೆಯ ತಲೆಗೆ ಬಿತ್ತು, ಈಗ ಮೂರೂವರೆ ವರ್ಷದ ಕೂಸಿನ ತಲೆಗೆ. ರೇಣುಕಾ ಒಂದು ಸಲ ಮುಖವೆತ್ತಿ ಅತ್ತೆಯನ್ನು ನೋಡಿದಳು. ಆ ನೋಟವನ್ನು ಎದುರಿಸಲಾಗದೆ ಸಾತವ್ವ ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು ನೋಡುತ್ತ ಕೂತಳು.

ಸಂಪದಾ ನಂಬಿದಳು. ಅದೇ ಸಾತವ್ವನಿಗೆ ಇನ್ನಷ್ಟು ಚುಚ್ಚಿತು.

"ಹಂಗಾದ್ರ ಒಂದು ಕೆಲಸ ಮಾಡೋಣ. ಈ ಮಷಿನ್ಯಾಗ ಗದ್ದಲ ತಗ್ಗಿಸೋ ಸೌಲತ್ತು ಐತಿ. ಅದನ್ನ ಚಾಲೂ ಮಾಡಿ ಕೊಡ್ತೇನಿ."

ಕಾಂತುಗೆ ಅನುಮಾನ ಬಂತು. "ಗದ್ದಲ ತಗ್ಗಿಸಿದ್ರ ಮಾತೂ ತಗ್ಗೂದಿಲ್ಲೇನ್ರಿ ಮೇಡಂ? ಮೊದಲ ಈಕಿಗೆ ಮಾತು ಕೇಳೂದಿಲ್ಲ. ಅದ್ರಾಗ ಮಷಿನ್ನೂ ಅರ್ಧ ನುಂಗಿದ್ರ ಕೂಸು ಏನ್ ಕಲೀಬೇಕು?"

"ಛಲೋ ಪ್ರಶ್ನೆ ಕೇಳಿದ್ರಿ. ಗಿರಣಿ ಸಪ್ಪಳ ಹೆಂಗ ಬರತೈತಿ ಹೇಳ್ರಿ. ಒಂದ ಸಮ ಬರತೈತಿ, ಹೌದಲ್ಲ? ಮಾತು ಹಂಗಲ್ಲ. ಏರತೈತಿ, ಇಳೀತೈತಿ, ನಡುನಡುವ ನಿಲ್ಲತೈತಿ. ಮಷಿನ್ ಆ ಫರಕು ಹಿಡಿದು ಒಂದ ಸಮ ಬರೋ ಸಪ್ಪಳ ಅಷ್ಟ ತಗ್ಗಸತೈತಿ. ಪಟ್ಟಂತ ಬಡದ ಸಪ್ಪಳನೂ ಸ್ವಲ್ಪ ಮೆತ್ತಗ ಮಾಡತೈತಿ. ಸಣ್ಣ ಮಕ್ಕಳಿಗೆ ಹಾಕಿ ಪರೀಕ್ಷಾ ಮಾಡಿ ನೋಡ್ಯಾರ್ರಿ. ಇದರಿಂದ ಮಾತು ಕೇಳೂದು ಕೆಟ್ಟಿದ್ದು ಕಂಡುಬಂದಿಲ್ಲ."

"ಅಂದ್ರ ಇನ್ಮ್ಯಾಲ ಗದ್ದಲದಾಗೂ ಎಲ್ಲಾ ಸಾಫ್ ಕೇಳತೈತೇನ್ರಿ?"

"ಹಂಗ ಅನ್ನೂದಿಲ್ಲ ನಾನು. ಕಿವಿಗೆ ತ್ರಾಸು ಕಡಿಮಿ ಆಗತೈತಿ, ಮಗು ಮಷಿನ್ ಹಾಕ್ಕೊಂಡು ಆರಾಮ ಕೂಡತೈತಿ. ಆದ್ರ ಮಾತು ಮುಟ್ಟಬೇಕಂದ್ರ ನೀವ ಹತ್ರ ಹೋಗಬೇಕು. ಒಂದು ಮಾರು ದೂರದೊಳಗ ಕೂತು, ಮಾರಿ ನೋಡಿ ಮಾತಾಡಬೇಕು. ಗದ್ದಲ ಇಲ್ಲದ ಜಾಗ ಇನ್ನೂ ಛಲೋ." ಸಂಪದಾ ಚಿತ್ರದ ಹಾಳೆಗಳನ್ನು ಜೋಡಿಸಿಟ್ಟಳು. "ಸ, ಶ ಇವೆಲ್ಲ ಭಾಳ ಸಣ್ಣ ಸಪ್ಪಳ್ರಿ. ಮಷಿನ್ ಇಲ್ಲಂದ್ರ ಈಕಿಗೆ ಕೇಳಂಗಿಲ್ಲ. ಕೇಳದ್ದನ್ನ ಕೂಸು ಆಡೂದಿಲ್ಲ. ಒಂದು ಸಪ್ಪಳ ಎಷ್ಟೋ ಸಲ ಕಿವಿಗೆ ಬಿದ್ದ ಮ್ಯಾಲ ಒಂದು ಸಲ ಬಾಯಿಗೆ ಬರತೈತಿ. ಈ ಸಣ್ಣ ವಯಸ್ಸಿನ್ಯಾಗ ಮಿದುಳು ಭಾಳ ಚುರುಕ ಇರತೈತಿ. ಈಗ ಕಳದ ದಿನಕ್ಕ ಆಮ್ಯಾಲ ಭಾಳ ಕಷ್ಟಪಡಬೇಕಾಗತೈತಿ. ಎಚ್ಚರ ಇರೋ ತನಕ ಮಷಿನ್ ಕಿವ್ಯಾಗ ಇರ್ಲಿ. ಜಳಕಾ ಮಾಡಸೂ ಮುಂದ, ಮಲಗೂ ಮುಂದ ಅಷ್ಟ ತಗೀರಿ."

ಎಲ್ಲರೂ ಟೆಂಪೊದಲ್ಲಿ ಊರಿಗೆ ಹೊರಟರು. ರೇಣುಕಾ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ದಾರಿಯುದ್ದಕ್ಕೂ ಸಾತವ್ವ ಹೇಳಬೇಕು, ಹೇಳಬೇಕು ಎಂದುಕೊಂಡಳು. ಮನೆ ಬಂತು. ಹೇಳಲಿಲ್ಲ.

ಮರುದಿನ ಕೇಂದ್ರದಲ್ಲಿ ಸಾತವ್ವ ಮಷಿನ್ ತೆಗೆಯಲಿಲ್ಲ. ಗಿರಣಿ ಶುರುವಾಯಿತು, ಒಲೆಗಳು ಹೊತ್ತಿದವು, ರೊಟ್ಟಿ ಬಡಿಯುವುದೂ ಶುರುವಾಯಿತು. ದರ್ಶು ಒಂದು ಸಲ ತಲೆಯೆತ್ತಿ ನೋಡಿದಳು, ಮತ್ತೆ ತನ್ನ ಹಿಟ್ಟಿನ ಉಂಡೆಯ ಜೊತೆ ಆಟಕ್ಕೆ ಕೂತಳು. ಅಳಲಿಲ್ಲ, ಕಿವಿಗೆ ಕೈ ಒಯ್ಯಲಿಲ್ಲ.

"ನೋಡ್ರಿ ಸಾತಕ್ಕ, ಕೂಸು ಆರಾಮ ಐತಿ," ಎಂದಳು ಸಗೀರಾ.

ಸಾತವ್ವ ಹ್ಞೂಂ ಎಂದಳು. ಇಷ್ಟು ದಿನ ಹೇಳುತ್ತ ಬಂದ ನೆವ ಒಂದೇ ಮುಂಜಾನೆಯಲ್ಲಿ ಹೋಗಿಬಿಟ್ಟಿತ್ತು. ಒಂದು ಮಾತು ಕೇಳಿದ್ದರೆ ಎಂಟು ತಿಂಗಳ ಹಿಂದೆಯೇ ಇದು ಆಗುತ್ತಿತ್ತು.

ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತು. ಮುದ್ದೇಬಿಹಾಳದ ರುಕ್ಮಿಣೀಬಾಯಿ ಎಂಬ ದೊಡ್ಡ ಮನೆತನದ ಹೆಂಗಸು, ಮಗಳ ಮದುವೆಗೆ ರೊಟ್ಟಿ ಹೇಳಲು ಬಂದಿದ್ದರು. ಸಾತವ್ವ ಕೈ ಒರೆಸಿಕೊಂಡು ಎದ್ದಳು. ಅವಳ ಕಣ್ಣು ತಾನಾಗಿ ಮಗುವಿನ ಕಡೆ ಹೋಯಿತು. ಮಷಿನ್ ಇದ್ದರೆ ಇರಲಿ ಎಂದು ಮನಸ್ಸು ಹೇಳಿದರೂ ಕೈ ಚಡಪಡಿಸಿತು.

ಅವಳ ಕೈ ಏಳುವ ಮೊದಲೇ ಮಗು ಎದ್ದಿತು. ಬಾಗಿಲಲ್ಲಿ ನಿಂತ ಹೊಸಬರನ್ನು ಒಮ್ಮೆ ನೋಡಿತು. ತನ್ನ ಎರಡೂ ಕಿವಿಯಿಂದ ತಾನೇ ಮಷಿನ್ ತೆಗೆಯಿತು. ನಡೆದು ಬಂದು ಅಜ್ಜಿಯ ಅಂಗೈಯಲ್ಲಿ ಇಟ್ಟಿತು. ಆಮೇಲೆ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿತು. ಯಾರೂ ನೋಡಬಾರದಲ್ಲ.

ಸಾತವ್ವ ನಿಂತಲ್ಲೇ ನಿಂತಳು.

ಮಗುವಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೊರಗಿನವರು ಬರುವ ಮೊದಲೇ ಅಜ್ಜಿ ಅತ್ತಿತ್ತ ನೋಡಿ ಮಷಿನ್ ತೆಗೆದು ಮುಚ್ಚಿಡುವುದನ್ನು ಅದು ದಿನಾ ನೋಡಿತ್ತು. ಸೂಜಿ ಎನ್ನಲು ಬಾರದ ಮಗು, ತನ್ನ ಕಿವಿಯನ್ನು ಮಂದಿಯಿಂದ ಮುಚ್ಚಿಡಬೇಕು ಎಂಬುದನ್ನು ಚೆನ್ನಾಗಿ ಕಲಿತಿತ್ತು. ಎಂಟು ತಿಂಗಳು ಸಾತವ್ವ ಅದಕ್ಕೆ ಕಲಿಸಿದ್ದು ಅದೊಂದನ್ನೇ. ಅವಳ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಅಂದು ರೊಟ್ಟಿ ಒಯ್ಯಲು ಬಂದ ಹೆಂಗಸು ಮನೆತನದ ಮಾತೆತ್ತಿದ ದಿನ ಆದದ್ದು ಇದರ ಮುಂದೆ ನಾಚಿಕೆಯೇ ಅಲ್ಲ.

ಅವಳು ಅಲ್ಲೇ ನೆಲಕ್ಕೆ ಕೂತಳು. ರುಕ್ಮಿಣೀಬಾಯಿ ನೋಡುತ್ತಿದ್ದರು, ಸಾಲಿನಲ್ಲಿದ್ದವರೂ ನೋಡುತ್ತಿದ್ದರು. ಮಗುವಿನ ಕಿವಿಯ ಹಿಂದಿನ ಕೂದಲು ಸರಿಸಿ ಒಂದು ಮಷಿನ್ ಹಾಕಿದಳು. ಮತ್ತೊಂದು ಕಿವಿಗೂ ಹಾಕಿದಳು. ದರ್ಶು ಅಚ್ಚರಿಯಿಂದ ಅಜ್ಜಿಯ ಮುಖ ನೋಡಿದಳು, ಬಾಗಿಲ ಕಡೆಯೂ ನೋಡಿದಳು.

"ಏನ್ರಿ ಅದು?" ರುಕ್ಮಿಣೀಬಾಯಿ ಕೇಳಿದರು.

"ಕಿವಿ ಮಷಿನ್ ರಿ," ಎಂದಳು ಸಾತವ್ವ. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನನ್ನ ಮೊಮ್ಮಗಳಿಗೆ ಸಣ್ಣ ಸಪ್ಪಳ ಕೇಳೂದಿಲ್ಲ. ಇದನ್ನ ಹಾಕಿದ್ರ ಕೇಳತೈತಿ."

"ಹೌದೇನು. ಛಲೋ ಆತು ಬಿಡ್ರಿ," ಎಂದರು ರುಕ್ಮಿಣೀಬಾಯಿ. "ರೊಟ್ಟಿ ಜೋಡಿ ಶೇಂಗಾ ಚಟ್ನಿನೂ ಮಾಡಿ ಕೊಡ್ತೀರೇನು?"

ಅಷ್ಟೇ. ಎಂಟು ತಿಂಗಳು ಯಾವ ಮಾತಿಗೆ ಹೆದರಿ ಸಾತವ್ವ ಕೂಸಿನ ಕಿವಿ ಬರಿದು ಮಾಡಿದ್ದಳೋ ಆ ಮಾತು ಬರಲೇ ಇಲ್ಲ. ಬಂದಿದ್ದರೂ ಏನಾಗುತ್ತಿತ್ತು ಎಂದು ಈಗ ಅವಳಿಗೆ ಅನ್ನಿಸಿತು.

ಮಧ್ಯಾಹ್ನ ರಾಜಬಿ ಬಂದಳು. ತಪಾಸಣೆಯಲ್ಲಿ ಏನು ಹೇಳಿದರು ಎಂದು ಕೇಳಲು ಬಂದವಳನ್ನು ಸಾತವ್ವ ಶೆಡ್ಡಿನ ಹಿಂದಕ್ಕೆ ಕರೆದೊಯ್ದು ಎಲ್ಲವನ್ನೂ ಹೇಳಿಬಿಟ್ಟಳು. ಮಷಿನ್ ತೆಗೆದದ್ದು, ಸೊಸೆ ಬೈಸಿಕೊಂಡದ್ದು, ಕೂಸಿನ ಮೇಲೆ ತಪ್ಪು ಹಾಕಿದ್ದು, ಒಂದನ್ನೂ ಬಿಡಲಿಲ್ಲ.

"ನೀ ಏನ್ ಬೈತೀಯೋ ಬೈ ರಾಜಬಿ. ನಾ ಕೇಳಾಕ ಲಾಯಕ್ ಇದ್ದೇನಿ."

"ನಾ ಯಾಕ ಬೈಲಿ ಕಾಕಿ? ಸಪ್ಪಳಕ್ಕ ಕೂಸು ಅಳತೈತಿ ಅಂತ ಒಂದು ಮಾತು ನನಗ ಹೇಳಿದ್ರ ಅವತ್ತ ವಿಜಯಪುರಕ್ಕ ಫೋನ್ ಹಚ್ಚತಿದ್ದೆ," ಎಂದಳು ರಾಜಬಿ. "ಆದ್ರ ಇದನ್ನ ನನ್ನ ಮುಂದ ಹೇಳಿ ಹಗುರ ಆಗಬ್ಯಾಡ್ರಿ. ಯಾರಿಗೆ ಹೇಳಬೇಕೋ ಅವರು ಆರರ ಬಸ್ಸಿಗೆ ಬರ್ತಾರ."

ಆರರ ಬಸ್ಸಿಗೆ ಸಾತವ್ವ ಮಗುವನ್ನು ಎತ್ತಿಕೊಂಡು ಸ್ಟ್ಯಾಂಡಿಗೆ ಹೋದಳು. ಅತ್ತೆ ಹೀಗೆ ಬಂದು ನಿಂತದ್ದು ಅದೇ ಮೊದಲು. ಬಸ್ಸಿಳಿದ ರೇಣುಕಾ ಗಾಬರಿಯಾದಳು.

"ಏನಾತ್ರಿ ಅತ್ತಿ? ಕೂಸಿಗೆ ಏನರೆ ಆತೇನು?"

"ಕೂಸಿಗೆ ಏನಾಗಬಾರದಿತ್ತೋ ಅದನ್ನ ನಾ ಮಾಡಿಬಿಟ್ಟೇನಿ," ಎಂದಳು ಸಾತವ್ವ. "ಮಷಿನ್ ನಾನ ತಗದಿಡ್ತಿದ್ದೆ ರೇಣುಕಾ. ದಿನಾ. ನೀ ಬರೂ ಮೊದಲ ಮತ್ತ ಹಾಕ್ತಿದ್ದೆ. ನಿನ್ನೆ ಅವ ನಿನಗ ಬೈಯೂ ಮುಂದ ಬಾಯಿ ಮುಚ್ಚಿಕೊಂಡು ಕೂತೆ. ಸಪ್ಪಳ ಬರೇ ನೆವ. ಮಂದಿ ಏನಂತಾರ ಅಂತ ನನಗ ನಾಚಿಕಿ ಆಗ್ತಿತ್ತು."

ರೇಣುಕಾ ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು.

"ಗೊತ್ತಿತ್ರಿ ಅತ್ತಿ."

"ಗೊತ್ತಿತ್ತೇನು?"

"ಶ್ರಾವಣದಾಗ ಒಂದಿನ ಅರ್ಧ ದಿನ ಸೂಟಿ ಕೊಟ್ಟಿದ್ರು. ಶೆಡ್ಡಿನ ಬಾಗಲ ತನಕ ಬಂದಿದ್ದೆ. ಕೂಸಿನ ಕಿವಿ ಖಾಲಿ ಇತ್ತು. ನೋಡಿ ಹಂಗ ತಿರುಗಿ ಹೋದೆ."

"ಮತ್ತ ಯಾಕ ಕೇಳಲಿಲ್ಲ ನನ್ನ?"

"ಕೇಳಿದ್ರ ಮನ್ಯಾಗ ಜಗಳ ಆಗತೈತಿ, ನನ್ನ ಕೆಲಸ ಬಿಡಸ್ತಾರ ಅಂತ ಅಂಜಿದೆ. ದವಾಖಾನ್ಯಾಗೂ ಇಡೀ ದಿನ ಹಾಕ್ತೇನಿ ಅಂತ ಸುಳ್ಳ ಹೇಳಿದೆ, ಮನಿ ಮಾತು ಹೊರಗ ಹೋಗಬಾರದು ಅಂತ." ರೇಣುಕಾಳ ದನಿ ಇಳಿಯಿತು. "ನಿಮಗ ಮಂದಿ ನಾಚಿಕಿ, ನನಗ ನಿಮ್ಮ ಅಂಜಿಕಿ. ಇಬ್ಬರೂ ಕೂಡಿ ಕೂಸಿನ ಕಿವಿ ಮುಚ್ಚಿಬಿಟ್ಟೇವ್ರಿ."

ಇಬ್ಬರೂ ಅಲ್ಲೇ ನಿಂತು ಅತ್ತರು. ಬಸ್ಸಿಗೆ ಕಾಯುತ್ತಿದ್ದವರು ಯಾರೋ ತೀರಿಕೊಂಡಿರಬೇಕು ಎಂದುಕೊಂಡು ಮರ್ಯಾದೆಯಿಂದ ಸರಿದು ನಿಂತರು.

ಮನೆಗೆ ಹೋಗಿ ಸಾತವ್ವ ಮಗನ ಮುಂದೆಯೂ ಹೇಳಿದಳು. ಕಾಂತು ಎದ್ದು ಹೋಗಿ ಮಗಳ ಮಷಿನ್ ಸರಿಯಾಗಿ ಕೂತಿದೆಯೇ ಎಂದು ನೋಡಿದ. ಆಮೇಲೆ ಹೆಂಡತಿಗೆ, "ನಿನ್ನ ಏನೂ ಕೇಳದೇ, ಹೊರಗಿನವರ ಮುಂದ ಬೈದೆ. ನನ್ನ ತಪ್ಪಾತು," ಎಂದ. ಆ ಸಂಜೆ ಆ ಮನೆಯ ಮೂವರು ದೊಡ್ಡವರಿಗೂ ನಾಚಿಕೆಯಾಗಿತ್ತು. ಆಗಬೇಕಾದವರಿಗೇ ಆಗಿತ್ತು.

ಮರುದಿನದಿಂದ ಕೇಂದ್ರದಲ್ಲಿ ಕೆಲವು ಬದಲಾವಣೆಗಳಾದವು. ಗಿರಣಿಯ ಗೋಡೆಯ ಪಕ್ಕದಲ್ಲಿದ್ದ ದರ್ಶುವಿನ ಚಾಪೆ ಎದುರಿನ ಬೇವಿನ ಗಿಡದ ಕಡೆಯ ಮೂಲೆಗೆ ಬಂತು. ಗಿರಣಿ ಬಂದ್ ಆಗುವ ಹೊತ್ತಿಗೆ ಸಾತವ್ವ ಎದ್ದು ಹೋಗಿ ಮಗುವಿನ ಎದುರು ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂಡುತ್ತಾಳೆ. ಕೈಗೆ ಸಿಕ್ಕಿದ್ದರ ಹೆಸರು ಹೇಳುತ್ತಾಳೆ. ಕೂಗುವುದಿಲ್ಲ, ಮಾಮೂಲಿ ದನಿಯಲ್ಲೇ ಹೇಳುತ್ತಾಳೆ. ಅದು ಅವಳಿಗೆ ಕಷ್ಟವೇ ಆಯಿತು, ಮೂವತ್ತು ವರ್ಷದ ಕೂಗುವ ಚಾಳಿ. ಮನೆಯಲ್ಲಿ ಮಗುವಿನ ಜೊತೆ ಮಾತಾಡುವಾಗ ಟಿವಿ ಬಂದ್. ಬೆಳಿಗ್ಗೆ ಕಾಂತು ಬ್ಯಾಟರಿ ನೋಡುತ್ತಾನೆ. ಕಿವಿಯೊಳಗೆ ಕೂಡುವ ಅಚ್ಚು ಸಡಿಲಾಗಿ ಶಿಳ್ಳೆ ಹೊಡೆಯಲು ಶುರುವಾದಾಗ ರೇಣುಕಾ ಸುಮ್ಮನಿರದೆ ವಿಜಯಪುರಕ್ಕೆ ಒಯ್ದು ಹೊಸ ಅಳತೆ ಕೊಟ್ಟು ಬಂದಳು. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದಲ್ಲ.

ನಾಲ್ಕು ತಿಂಗಳಾದ ಮೇಲೆ ಸಂಪದಾ ಪರದೆ ತಿರುಗಿಸಿದಾಗ ಅದರಲ್ಲಿ ಹತ್ತೂವರೆ ತಾಸು ಎಂದಿತ್ತು. ದರ್ಶು ಹೊಸ ಮಾತುಗಳನ್ನು ಆಡುತ್ತಿದ್ದಳು. 'ಸ' ಕೆಲವು ಸಲ ಬರುತ್ತಿತ್ತು, ಕೆಲವು ಸಲ ಬರುತ್ತಿರಲಿಲ್ಲ. ಓರಗೆಯ ಮಕ್ಕಳಿಗಿಂತ ಅವಳ ಮಾತು ಇನ್ನೂ ಹಿಂದೆಯೇ ಇತ್ತು. ವಾರಕ್ಕೊಮ್ಮೆ ಮಾತಿನ ಪಾಠಕ್ಕೆ ಬರಬೇಕು ಎಂದು ಸಂಪದಾ ಹೇಳಿದಳು. ಸಾತವ್ವ ಈ ಸಲ ಅವಳ ಮುಂದೆ ತನ್ನ ತಪ್ಪು ಒಪ್ಪಿಕೊಂಡಳು.

"ಆ ಎಂಟು ತಿಂಗಳದ್ದು ತುಂಬಿ ಬರತೈತೇನ್ರಿ?" ಎಂದು ಕೇಳಿದಳು.

ಸಂಪದಾ ಸಮಾಧಾನಕ್ಕೆಂದು ಸುಳ್ಳು ಹೇಳಲಿಲ್ಲ. "ಹೋದ ದಿನ ಹೋತ್ರಿ ಆಯಿ. ಇನ್ನ ಮುಂದಿನ ದಿನ ಕಳೀಬ್ಯಾಡ್ರಿ. ಕೂಸು ಕಲಿಯಾಕತ್ತೈತಿ."

ಹೋದ ತಿಂಗಳು ಗೊಳಸಂಗಿಯಲ್ಲಿ ತಾಯಂದಿರ ಸಭೆ ಇತ್ತು. ರಾಜಬಿ ಸಾತವ್ವನನ್ನು ಕರೆದೊಯ್ದಳು. ಮೈಕ್ ಹಿಡಿದು ರೊಟ್ಟಿ ಸಂಘದ ಬಗ್ಗೆ ಎಷ್ಟೋ ಸಲ ಮಾತಾಡಿದ ಸಾತವ್ವ ಆ ದಿನ ಸಂಘದ ಮಾತೆತ್ತಲಿಲ್ಲ. ಎದ್ದು ನಿಂತು, ನಾನು ನನ್ನ ಮೊಮ್ಮಗಳ ಕಿವಿ ಮಷಿನ್ ಎಂಟು ತಿಂಗಳು ಬಚ್ಚಿಟ್ಟವಳು ಎಂದೇ ಶುರು ಮಾಡಿದಳು. ಮಗು ತಾನೇ ಮಷಿನ್ ತೆಗೆದು ಕೈಗಿಟ್ಟದ್ದನ್ನೂ ಹೇಳಿದಳು. ಸಭೆ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಬಂದು, ಬಿಸಿಲಿನಲ್ಲೂ ಕಿವಿ ಮುಚ್ಚುವ ಕುಲಾಯಿ ಹಾಕಿ ಕೂಡಿಸಿದ್ದ ತನ್ನ ಮಗನನ್ನು ರಾಜಬಿಯ ಮುಂದೆ ನಿಲ್ಲಿಸಿದಳು. "ಇವನೂ ಕರೆದ್ರ ತಿರುಗಂಗಿಲ್ರಿ. ಯಾರಿಗೂ ಹೇಳಿಲ್ಲ," ಎಂದಳು. ರಾಜಬಿ ತಪಾಸಣೆಗೆ ಚೀಟಿ ಬರೆದುಕೊಟ್ಟಳು.

ಓದುವ ಅವ್ವಂದಿರೆ, ಆಯಿಗಳೆ, ಅಪ್ಪಂದಿರೆ, ನಿಮ್ಮ ಮನೆಯಲ್ಲೂ ಇಂಥ ಮಗು ಇರಬಹುದು. ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದು ನೋಡಿ. ತಿರುಗದಿದ್ದರೆ, ವಯಸ್ಸಿಗೆ ತಕ್ಕ ಮಾತು ಬಾರದಿದ್ದರೆ, ದೊಡ್ಡದಾದ ಮೇಲೆ ಸರಿಹೋಗುತ್ತದೆ ಎಂದು ಕೂಡಬೇಡಿ. ಕಿವಿ ತಪಾಸಣೆ ಎಲ್ಲಿ ಮಾಡುತ್ತಾರೆ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಷಿನ್ ಬಂದಿದ್ದರೆ ಮಗು ಎಚ್ಚರವಿರುವಷ್ಟು ಹೊತ್ತೂ ಅದು ಕಿವಿಯಲ್ಲಿರಲಿ. ಗದ್ದಲಕ್ಕೆ ಮಗು ಅತ್ತರೆ ಮಷಿನ್ ತೆಗೆದಿಡಬೇಡಿ, ತಪಾಸಣೆ ಮಾಡಿದವರಿಗೆ ತಿಳಿಸಿ, ಅದನ್ನು ಸರಿಪಡಿಸುವ ದಾರಿ ಅವರಿಗೆ ಗೊತ್ತಿದೆ. ಹತ್ತಿರ ಕೂತು, ಮುಖ ನೋಡಿ ಮಾತಾಡಿ. ಮಗುವಿನ ಕಿವಿಯಲ್ಲಿ ಮಷಿನ್ ಇದ್ದರೆ ಅದು ನಾಚಿಕೆಪಡುವ ಸಂಗತಿ ಅಲ್ಲ. ಅದನ್ನು ತೆಗೆದಿಡುವ ಕೈ ನಿಮ್ಮದಾಗಿದ್ದರೆ ಮನೆಯವರ ಮುಂದೆ ಇವತ್ತೇ ಒಪ್ಪಿಕೊಳ್ಳಿ, ಇವತ್ತೇ ಮತ್ತೆ ಹಾಕಿ. ಸಾತವ್ವ ಎಂಟು ತಿಂಗಳು ತಡ ಮಾಡಿದಳು. ಅವಳ ಮೊಮ್ಮಗಳು ಈಗಲೂ ಆ ದಿನಗಳಲ್ಲಿ ಕಲಿಯಬೇಕಿದ್ದ ಮಾತುಗಳನ್ನು ಕಲಿಯುತ್ತಿದ್ದಾಳೆ.